ಮಕ್ಕಾ ಬಿಡುವ ವೇಳೆ ಮುಂಚಿತವಾಗಿ ತಿಳಿಸುವ ಕುರಿತು ಮನವಿ

ಗೆ,
ಮಾನ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಕರ್ನಾಟಕ ರಾಜ್ಯ ಹಜ್ ಸಮಿತಿ, ಹಜ್ ಭವನ, ಬೆಂಗಳೂರು.

ಇಂದ,
ಚಿಕ್ಕಪಡಸಲಗಿ ಹಾಗೂ ಸುತ್ತಲಿನ ಗ್ರಾಮಗಳ ಹಾಜಿಗಳು,
ತಾ॥ ಜಮಖಂಡಿ, ಜಿ॥ ಬಾಗಲಕೋಟೆ.

ಉಲ್ಲೇಖ: ಸಂಬಂಧಪಟ್ಟವರಿಗೆ ಈ ಮೊದಲು ಕೊಟ್ಟ, ಉತ್ತರ ಬಾರದ ಅರ್ಜಿಗಳು.

ಮಾನ್ಯರೇ,

ತವಾಫ್-ಎ-ವಿದಾ ಮಕ್ಕಾ ಬಿಡುವ ಮುನ್ನಿನ ಕಡೆಯ ಕರ್ಮ; ಹನಫಿಗಳಾದ ನಮಗೆ ವಾಜಿಬ್ (ಕಡ್ಡಾಯ); ಬಿಟ್ಟರೆ ದಮ್ (ಪರಿಹಾರದ ಬಲಿ) ಕೊಡಬೇಕು. ಇದನ್ನು ತಮಗೆ ವಿವರಿಸಬೇಕಿಲ್ಲ. 2025ರಲ್ಲಿ ಜೂನ್ 5ರ ಅರಫಾ ಮುಗಿಸಿ, ಮಿನಾದಿಂದ ಅಜೀಜಿಯಾದ ಕಟ್ಟಡಕ್ಕೆ ಮರಳಿದ ನಮ್ಮವರು ಹೊರಡುವ ದಿನ, ವಿಮಾನ ನಿಲ್ದಾಣದ ಬಸ್ಸು ಇಶಾ ನಮಾಜಿನ ನಂತರ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಬಸ್ಸು ಅಸರ್‌ಗೂ ಮೊದಲೇ ಬಂದು ನಿಂತಿತು. ಆಗ ಕೆಲವರು ಹರಮ್‌ನಲ್ಲಿ ಏಳು ಸುತ್ತು ಮುಗಿಸುವುದರಲ್ಲಿದ್ದರು. ಉಳಿದವರು ಹರಮ್‌ಗೆ ಹೋಗುವ ಬಸ್ಸಿಗಾಗಿ ಬಿಸಿಲಲ್ಲಿ ಕಾಯುತ್ತಿದ್ದರು. ಸಾಮಾನನ್ನು ಹಿಂದಿನ ದಿನವೇ ಒಯ್ದಿದ್ದರು, ಸಕ್ಕರೆ ಕಾಯಿಲೆಯ ಗುಳಿಗೆಗಳೂ ಅದರಲ್ಲೇ ಹೋದವು. ಮೊಣಕಾಲು ನೋವಿನ ಮುದುಕಿಯರನ್ನು ವಿದಾ ಇಲ್ಲದೆಯೇ ಬಸ್ಸು ಹತ್ತಿಸಿದರು. ಇಳಿದರೆ ವಿಮಾನ ತಪ್ಪುತ್ತದೆ ಎಂದು ಬೆದರಿಸಿದವರ ಹೆಸರು ನಾವು ಇಲ್ಲಿ ಬರೆಯುವುದಿಲ್ಲ. ವಿಮಾನ ಹಾರಿದ್ದು ಮರುದಿನ ನಸುಕಿನಲ್ಲಿ!

ಬಿಸಿಲಲ್ಲಿ ಕಾಯಿಸುವುದು ಸಣ್ಣ ಮಾತಲ್ಲ. 2024ರ ಹಜ್‌ನಲ್ಲಿ 1,301 ಮಂದಿ ಸತ್ತರೆಂದೂ, ಹೆಚ್ಚಿನವರು ಪರವಾನಗಿ ಇಲ್ಲದೆ ಬಿಸಿಲಲ್ಲಿ ನಡೆದವರೆಂದೂ ಸೌದಿ ಸರ್ಕಾರ ಹೇಳಿತ್ತು. ನಮ್ಮವರ ಬಳಿ ಪರವಾನಗಿ ಇತ್ತು, ಪೂರ್ತಿ ಹಣ ಕಟ್ಟಿದ ರಸೀದಿಯೂ ಇತ್ತು. ಕಬ್ಬಿನ ಬಿಲ್ಲಿನಲ್ಲಿ ವರ್ಷಗಟ್ಟಲೆ ಉಳಿಸಿದ ಹಣವದು.

ಚೀಟಿಯ ಫೋಟೊ, ಆ ದಿನದ ವಾಟ್ಸಾಪ್ ಸಂದೇಶಗಳು, ಸಾಮಾನಿನ ರಸೀದಿ, ಬೋರ್ಡಿಂಗ್ ಪಾಸುಗಳು, ಊರಿಗೆ ಬಂದ ಮೇಲೆ ದಮ್‌ಗಾಗಿ ಹಣ ಕಳಿಸಿದ ದಾಖಲೆ, ಪೇಶ್ ಇಮಾಮರ ಪತ್ರ ಮತ್ತು ಹೆಬ್ಬೆಟ್ಟೊತ್ತಿದ ಹೇಳಿಕೆಗಳನ್ನು ಲಗತ್ತಿಸಿದ್ದೇವೆ. ದಾಖಲೆ ಸಾಲದು ಎಂಬ ಮಾತು ಬರಬಾರದು.

ಆದ್ದರಿಂದ ಬಸ್ಸು ಹೊರಡುವ ವೇಳೆಯನ್ನು 48 ಗಂಟೆ ಮೊದಲು ಕನ್ನಡ, ಉರ್ದು ಎರಡರಲ್ಲೂ ಬರೆದು ತಿಳಿಸಬೇಕು. ತಿಳಿಸಿದ ವೇಳೆಗಿಂತ ಮೊದಲು ಯಾರನ್ನೂ ಹತ್ತಿಸಕೂಡದು. ನಡೆಯಲಾರದವರಿಗೆ ವಿದಾಕ್ಕೆಂದೇ ಗಾಲಿಕುರ್ಚಿ, ಜೊತೆಗೊಬ್ಬರು ಬೇಕು. ತಪ್ಪಿಸಿದವರಿಂದ ದಮ್ ಹಣ ವಸೂಲಿ ಮಾಡಿ ಕೊಡಿಸಬೇಕು. ಇಷ್ಟಾದರೆ ಉಳಿದದ್ದನ್ನು ಹೇಗೋ ಸಹಿಸುತ್ತೇವೆ.

ಉಳಿದದ್ದೆಂದರೆ, ಐದು ಲೀಟರಿನ ಜಮ್‌ಜಮ್ ಕ್ಯಾನುಗಳು ಸೋರುತ್ತವೆ, ಬದಲಿ ಕೊಡಬೇಕು. ಜಮಖಂಡಿಗೆ ರೈಲಿಲ್ಲ; ಬೆಂಗಳೂರಿನಲ್ಲಿ ಇಳಿದವರು ಐನೂರು ಕಿ.ಮೀ.ಗೂ ಹೆಚ್ಚು ದೂರ ಬರಬೇಕು. ಹಾಜಿಗಳಿಗೆ ನೇರ ಬಸ್ಸು ಬಿಡಬೇಕು. ಅದರ ಗುತ್ತಿಗೆ ಸ್ಥಳೀಯರಿಗೇ ಸಿಗುವುದು ನ್ಯಾಯ, ನಮ್ಮಲ್ಲೊಬ್ಬರ ಬಳಿ ಸುಸ್ಥಿತಿಯ ವಾಹನಗಳಿವೆ. ಹಾಗೆಯೇ ರಾಜ್ಯ ಹಜ್ ಇನ್‌ಸ್ಪೆಕ್ಟರ್ (ಹಿಂದಿನ ಖಾದಿಮುಲ್ ಹುಜ್ಜಾಜ್) ಆಗಿ ನಮ್ಮ ಭಾಗದ ಕನ್ನಡ ಬಲ್ಲ ಸರ್ಕಾರಿ ನೌಕರರನ್ನು ಕಳಿಸಬೇಕು. ಅರ್ಜಿ ಹಾಕಿರುವ ಪ್ರೌಢಶಾಲಾ ಶಿಕ್ಷಕರೊಬ್ಬರು ನಮ್ಮ ಹಾಜಿಗಳ ಗುಂಪಿನ ಅಧ್ಯಕ್ಷರ ಅಳಿಯ ಎಂಬ ಕಾರಣಕ್ಕೆ ಅವರನ್ನು ಕೈಬಿಡಬಾರದು.

ಸರ್ಕಾರದ ದಾರಿ ಕಾಯದೆ 1989ರಲ್ಲಿ ಕೃಷ್ಣೆಗೆ ರೈತರೇ ಬ್ಯಾರೇಜ್ ಕಟ್ಟಿಕೊಂಡ ಊರು ನಮ್ಮದು. ಮಕ್ಕಾದ ಬಸ್ಸಿನ ವೇಳೆಯನ್ನು ಮಾತ್ರ ನಾವೇ ಗೊತ್ತುಮಾಡಲಾಗದು, ಅದು ತಮ್ಮಿಂದಲೇ ಆಗಬೇಕು. ಮುಂದಿನ ತಂಡ ಹೊರಡುವುದರೊಳಗೆ ಲಿಖಿತ ಉತ್ತರ ಕೊಡಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳು)