ಸಾಗರಯಾನದ ಸ್ಕಿಪ್ಪರ್ ಪರವಾನಗಿ: ನಮ್ಮ ಹಕ್ಕೊತ್ತಾಯ

ಇವರಿಗೆ: ಹಡಗು ಸಾರಿಗೆ ಮಹಾನಿರ್ದೇಶನಾಲಯ, ಮುಂಬೈ ಹಾಗೂ ಕರ್ನಾಟಕ ಜಲಸಾರಿಗೆ ಮಂಡಳಿ

ಇವರಿಂದ: ಕಾರವಾರದಿಂದ ಉಳ್ಳಾಲದವರೆಗಿನ ಹವ್ಯಾಸಿ ಹಾಯಿದೋಣಿ ನಾವಿಕರು ಮತ್ತು ನಮ್ಮ ಜೊತೆ ನಿಂತ ಕೆಲವು ತಾಂಡೇಲರು (ಮೀನುಗಾರಿಕೆ ಬೋಟು ನಡೆಸುವವರು)

ಹಾಯಿದೋಣಿಯಲ್ಲಿ ಸಾಗರ ದಾಟುವ ಆಸೆಯಿರುವ ನಮ್ಮಂಥವರು ಕೊನೆಗೆ ಹೋಗಿ ನಿಲ್ಲುವುದು ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ನಡೆಸುವ ‘ಯಾಟ್‌ಮಾಸ್ಟರ್ ಓಷನ್’ ಪರೀಕ್ಷೆಯ ಮುಂದೆ. ಆ ಪರೀಕ್ಷೆಯ ಬಗ್ಗೆ ನಮ್ಮ ತಕರಾರಿಲ್ಲ, ಅದು ಗಟ್ಟಿಯಾಗಿದೆ. ಆದರೆ ದುಡ್ಡು, ವೀಸಾ, ಇಂಗ್ಲಿಷ್ ಮೂರೂ ಇದ್ದವರಿಗಷ್ಟೇ ಅದು ಎಟುಕುತ್ತದೆ. ನಮಗೋ ಕಡಲು ಹಿತ್ತಲಲ್ಲೇ ಇದೆ. ಆದ್ದರಿಂದ ಅಷ್ಟೇ ತೂಕದ ಪರೀಕ್ಷೆಯನ್ನು ನಮ್ಮ ಕರಾವಳಿಯಲ್ಲೇ ಕೊಡುವಂತಾಗಬೇಕು.

1. ಅಳತೆ ಇಳಿಸಬೇಡಿ. ಬ್ರಿಟನ್ನಿನಲ್ಲಿ ಓಷನ್ ಮೆಟ್ಟಿಲಿಗೆ ಮುಂಚೆ ಆಫ್‌ಶೋರ್ ಮೆಟ್ಟಿಲಿದೆ: 50 ದಿನ ಸಮುದ್ರದ ಮೇಲೆ, 2500 ನಾಟಿಕಲ್ ಮೈಲು. ಆಮೇಲೆ ಎಲ್ಲೂ ತಂಗದೆ ಒಂದೇ ಉಸಿರಿನ ಯಾನ: ಕನಿಷ್ಠ 600 ಮೈಲು, 96 ಗಂಟೆ, ಅದರ ಒಂದು ಭಾಗ ದಡದಿಂದ 50 ಮೈಲಿಗೂ ಆಚೆ. ಮಂಗಳೂರಿನಿಂದ ಕವರತ್ತಿಗೆ ನೇರ ದಾರಿ ಸುಮಾರು 190 ಮೈಲು. ಹೋಗಿ ಬಂದರೂ ಲೆಕ್ಕ ತುಂಬದು. ಲಕ್ಷದ್ವೀಪವನ್ನು ಸುತ್ತಿ, ಇನ್ನಷ್ಟು ಪಡುವಣಕ್ಕೆ ಹೋಗಿ, ನೆಲ ಮುಟ್ಟದೆ ಮರಳುವ ಪರೀಕ್ಷಾಮಾರ್ಗವೊಂದನ್ನು ಗೊತ್ತುಮಾಡಿ. ಹೊರಡುವ, ಮರಳುವ ಕಾಗದಪತ್ರಗಳಿಗೆ ಏಕಗವಾಕ್ಷಿ ಇರಲಿ.

2. ಸೂರ್ಯನ ಎತ್ತರ ಅಳೆದು ಜಾಗ ಗುರುತಿಸುವ ಸೆಕ್ಸ್‌ಟಂಟ್ ಕಡ್ಡಾಯವಾಗಿಯೇ ಇರಲಿ. ಫೋನಿನಲ್ಲೇ ನಕ್ಷೆ ಇರುವಾಗ ಇದೆಲ್ಲ ಯಾಕೆ ಎಂದು ನಮ್ಮಲ್ಲೇ ಕೆಲವರು ಕೇಳಿದರು. ಬ್ಯಾಟರಿಗೆ ಉಪ್ಪುನೀರು ಹೊಕ್ಕ ರಾತ್ರಿಯನ್ನು ಅವರಿನ್ನೂ ಕಂಡಿಲ್ಲ. ಓಲಾಡುವ ದೋಣಿಯಲ್ಲಿ ಒಂದು ತೋಳನ್ನು ಹಗ್ಗಕ್ಕೆ ಸಿಕ್ಕಿಸಿ ನಿಂತು, ಕನ್ನಡಿಯೊಳಗಿನ ಸೂರ್ಯನನ್ನು ಮೆಲ್ಲಗೆ ಕೆಳಗಿಳಿಸಿ, ಅದರ ಕೆಳಗಿನ ಅಂಚು ದಿಗಂತಕ್ಕೆ ತಾಗಿದ ಕ್ಷಣದಲ್ಲೇ ಗಡಿಯಾರ ನೋಡಬೇಕು. ಸಮಯ ನಾಲ್ಕು ಸೆಕೆಂಡು ತಪ್ಪಿದರೆ ರೇಖಾಂಶ ಒಂದು ಮಿನಿಟು ತಪ್ಪುತ್ತದೆ. ನಮ್ಮ ಕಡಲಲ್ಲಿ ಅದು ಹೆಚ್ಚುಕಡಿಮೆ ಒಂದು ಮೈಲು. ಕತ್ತಲಲ್ಲಿ ತಗ್ಗಾದ ಹವಳದ ದ್ವೀಪಕ್ಕೆ ಡಿಕ್ಕಿ ಹೊಡೆಯಲು ಅಷ್ಟು ಸಾಕು. ಜಿಪಿಎಸ್ ಬಳಸುವಂತಿಲ್ಲದ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು 2023ರಲ್ಲಿ ಎರಡನೆಯವರಾಗಿ ಮುಗಿಸಿದ ಅಭಿಲಾಷ್ ಟಾಮಿ ನಮ್ಮ ದೇಶದವರೇ.

3. ತಾಂಡೇಲರ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ಮುಖ್ಯ ಒತ್ತಾಯ ಇದೇ. ಮಲ್ಪೆಯ ಆಳಸಮುದ್ರ ಬೋಟಿನ ತಾಂಡೇಲರು ಒಮ್ಮೆ ಹೊರಟರೆ ಎಂಟು ಹತ್ತು ದಿನ ಕಡಲಲ್ಲೇ ಇರುತ್ತಾರೆ. ಹಾಯಿ ಬಿಚ್ಚಿ ಕಟ್ಟಿ ಅವರಿಗೆ ರೂಢಿಯಿಲ್ಲ, ನಿಜ. ಆದರೆ ಎದುರಿನಿಂದ ಬರುವ ಹಡಗಿನ ದೀಪ ನೋಡಿ ಅದು ಯಾವ ಕಡೆ ಹೊರಳುತ್ತಿದೆ ಎನ್ನಬಲ್ಲರು. ಗಾಳಿ ತೆಂಕಾಯಿಯಿಂದ (ತೆಂಕಣದಿಂದ) ಪಡ್ಡಾಯಿಗೆ (ಪಡುವಣಕ್ಕೆ) ತಿರುಗಿದರೆ ಏನಾದೀತೆಂದು ಹವಾಮಾನ ವರದಿಗೆ ಮುಂಚೆಯೇ ಹೇಳಬಲ್ಲರು. ರಜೆಯಲ್ಲಿ ಬಾಡಿಗೆ ಯಾಟ್ ಹತ್ತಿ ಮೈಲಿ ಕೂಡಿಸುವ ನಮಗಿಂತ ಅವರ ಲಾಗ್‌ಬುಕ್ ದಪ್ಪ, ಬರೆದಿಟ್ಟಿಲ್ಲ ಅಷ್ಟೇ. ಬೇಕಾದ ಸಮುದ್ರಾನುಭವದ ಅರ್ಧವನ್ನಾದರೂ ಮೀನುಗಾರಿಕೆಯ ದಿನಗಳಿಂದ ತುಂಬಿಕೊಳ್ಳಲು ಬಿಡಿ, ಉಳಿದರ್ಧ ಹಾಯಿಯ ಮೇಲಿರಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಧಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ, ಬಲೆ ಹೆಣೆಯುವ ಕೆಲಸ ಬಿಟ್ಟರೆ ಪುರುಸೊತ್ತೇ. ಓಷನ್ ಪರೀಕ್ಷೆಯ ದಡದ ಮೇಲಿನ ಪಾಠ 40 ಗಂಟೆಯದು. ಕಾರವಾರ, ಮಲ್ಪೆ, ಮಂಗಳೂರಿನಲ್ಲಿ ಈ ಎರಡು ತಿಂಗಳು ಶುಲ್ಕವಿಲ್ಲದೆ ತರಗತಿ ನಡೆಸಿ.

4. ಮೌಖಿಕ ಪರೀಕ್ಷೆ ಕನ್ನಡದಲ್ಲೂ ಇರಲಿ. ರೇಡಿಯೋ ಮಾತು ಇಂಗ್ಲಿಷಿನಲ್ಲೇ ಆಗಬೇಕು, ಅದನ್ನು ಕಲಿಯುತ್ತೇವೆ. ಗ್ರಹದ ಎತ್ತರದ ಲೆಕ್ಕ ಹೇಳಲು ಇಂಗ್ಲಿಷ್ ಬೇಕಿಲ್ಲ.

5. ಪಾಠ ಹೇಳಿದವರೇ ಪರೀಕ್ಷಕರಾಗಬಾರದು.

6. ಜೀವರಕ್ಷಣೆಯ ಸಲಕರಣೆಗೆ ದಾರಿ ಮಾಡಿಕೊಡಿ. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಟಾಮಿಯವರ ದೋಣಿಯ ಕಂಬ ಮುರಿಯಿತು, ಬೆನ್ನಿಗೆ ಪೆಟ್ಟಾಯಿತು. ಫ್ರಾನ್ಸಿನ ‘ಒಸಿರಿಸ್’ ಹಡಗು ಬಂದು ಎತ್ತಿಕೊಳ್ಳಲು ಮೂರು ದಿನ ಹಿಡಿಯಿತು. ಅವರು ಇದ್ದ ಜಾಗ ಗೊತ್ತಿದ್ದರಿಂದ ಮೂರೇ ದಿನ. ಹಾಗೆ ಜಾಗ ತಿಳಿಸುವ ಆಪತ್ಕಾಲದ ಬೀಕನ್‌ಗಳ ಸಂಕೇತಗಳನ್ನು ಭಾರತದಲ್ಲಿ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿದೆ. ಬೀಕನ್ ನೋಂದಣಿ ಪರೀಕ್ಷೆಯ ಭಾಗವಾಗಲಿ. ಅನುಮತಿಯಿಲ್ಲದೆ ಥುರಾಯ, ಇರಿಡಿಯಂ ಉಪಗ್ರಹ ಫೋನು ಇಟ್ಟುಕೊಂಡರೆ ನಮ್ಮಲ್ಲಿ ಪೊಲೀಸ್ ಕೇಸು. ತೇರ್ಗಡೆಯಾದ ಸ್ಕಿಪ್ಪರಿಗೆ ಯಾನದ ಅವಧಿಗೆ ಉಪಗ್ರಹ ಫೋನಿನ ಅನುಮತಿಯನ್ನು ಪರವಾನಗಿಯ ಜೊತೆಗೇ ಕೊಡಿ.

7. ಇದನ್ನು ಇನ್ನೊಂದು ಪರ್ಮಿಟ್ ಮಾಡಬೇಡಿ. ಬ್ರಿಟನ್ನಿನಲ್ಲಿ ಸ್ವಂತ ವಿಹಾರಕ್ಕೆ ಸಣ್ಣ ಯಾಟ್ ನಡೆಸಲು ಯಾಟ್‌ಮಾಸ್ಟರ್ ಕಡ್ಡಾಯವಲ್ಲ. ಆದರೂ ಜನ ಓದಿ ಬರೆಯುತ್ತಾರೆ. ನಮ್ಮಲ್ಲಿ ದುಡಿಮೆಗಾಗಿ ಯಾಟ್ ನಡೆಸುವವರಿಗೆ ಮಾತ್ರ ಪರವಾನಗಿ ಕಡ್ಡಾಯವಾಗಲಿ. ದಡದಂಚಿನಲ್ಲಿ ಸಂಜೆ ಹಾಯಿ ಬಿಚ್ಚುವ ಹುಡುಗರ ಕೈಯಲ್ಲಿ ಲೈಸೆನ್ಸ್ ಕೇಳುವ ದಿನ ಬಾರದಿರಲಿ.

ಮೂರನೆಯ ಬೇಡಿಕೆಯಲ್ಲಿ ಹೇಳಿದ ತರಗತಿಗಳಿಗೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಒಂದು ಕೊಠಡಿ, ಒಬ್ಬ ಶಿಕ್ಷಕರು, ನಾಲ್ಕು ಸೆಕ್ಸ್‌ಟಂಟ್ ಸಾಕು. ಬರುವ ಜೂನ್ 1ಕ್ಕೆ ಬೋಟುಗಳು ಧಕ್ಕೆಗೆ ಬರುತ್ತವೆ; ಆ ವಾರವೇ ಮಲ್ಪೆಯಲ್ಲಿ ಮೊದಲ ತರಗತಿ ಶುರುಮಾಡಿ.