ಹೇಳದೆ ಉಳಿಸಿದ ಮಾತು

ಶಾಲೆಯಲ್ಲಿ ಸರ್ವಜ್ಞನ ವಚನ ಕಲಿತ ಮಕ್ಕಳಿಗೆಲ್ಲ ಮೂರು ಸಾಲಿನ ಪದ್ಯ ಗೊತ್ತು. ಅಜ್ಜ ಅಜ್ಜಿಯರಿಗಂತೂ ಬೀಸುವಾಗ, ಕುಟ್ಟುವಾಗ ಹೇಳುತ್ತಿದ್ದ ತ್ರಿಪದಿಗಳು ಬಾಯಲ್ಲೇ ಇರುತ್ತವೆ. ಸರ್ವಜ್ಞ ಮೂರು ಸಾಲಿನಲ್ಲಿ ಒಂದು ಬುದ್ಧಿಮಾತು ಹೇಳಿ, ಕೊನೆಗೆ ತನ್ನ ಹೆಸರನ್ನೂ ಹಾಕಿ ಮುಗಿಸುತ್ತಾನೆ. ಜಪಾನಿನಲ್ಲೂ ಒಂದು ಪುಟ್ಟ ಪದ್ಯವಿದೆ, ಅದರ ಹೆಸರು ಹೈಕು. ಅದು ಬುದ್ಧಿ ಹೇಳುವುದಿಲ್ಲ. ‘ಅಲ್ಲಿ ನೋಡು’ ಎಂದು ಬೆರಳು ತೋರಿಸಿ ಸುಮ್ಮನಾಗುತ್ತದೆ. ಈ ವಾರ ಆ ಸುಮ್ಮನಾಗುವಿಕೆಯ ಬಗ್ಗೆ ನಾಲ್ಕು ಮಾತು.

ಮೊದಲು ಲೆಕ್ಕ. ಹೈಕುವಿನಲ್ಲಿ 5, 7, 5 ಹೀಗೆ ಒಟ್ಟು 17 ಉಲಿಗಳು. ಈ ಉಲಿ ನಮ್ಮ ಅಕ್ಷರವಲ್ಲ, ನಮ್ಮ ಮಾತ್ರೆಗೆ ಹತ್ತಿರದ್ದು. ಜಪಾನೀಯರು ತಮ್ಮ ದೇಶವನ್ನು ‘ನಿಪ್ಪೊನ್’ ಎನ್ನುತ್ತಾರೆ. ಅವರ ಎಣಿಕೆಯಲ್ಲಿ ಅದು ನಾಲ್ಕು ಉಲಿ. ಪ್ರಸ್ತಾರ ಹಾಕುವ ಹೈಸ್ಕೂಲು ಮಕ್ಕಳು ಎಣಿಸಿ ನೋಡಿ, ಎರಡು ಗುರು, ನಾಲ್ಕು ಮಾತ್ರೆ, ಸರಿಯಾಗಿ ಬರುತ್ತದೆ! ಇನ್ನೊಂದು ವಿಷಯ. ನಾವು ಹೈಕುವನ್ನು ಮೂರು ಸಾಲಾಗಿ ಬರೆಯುತ್ತೇವೆ. ಜಪಾನಿನಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಅಚ್ಚು ಹಾಕುತ್ತಾರೆ.

ಲೆಕ್ಕಕ್ಕಿಂತ ಮುಖ್ಯವಾದವು ಎರಡು. ಒಂದು, ಋತುವನ್ನು ಸೂಚಿಸುವ ಪದ. ಅದಕ್ಕೆ ‘ಕಿಗೊ’ ಎಂದು ಹೆಸರು. ಕಪ್ಪೆ ಎಂದರೆ ವಸಂತ, ಜೀರುಂಡೆ ಎಂದರೆ ಬೇಸಿಗೆ, ಬರಿದೇ ಚಂದ್ರ ಎಂದರೆ ಶರತ್ಕಾಲದ ಚಂದ್ರ. ಇಂಥ ಪದಗಳನ್ನು ಋತುವಾರು ಜೋಡಿಸಿದ ದಪ್ಪ ಪುಸ್ತಕಗಳೇ ಅವರಲ್ಲಿವೆ. ಒಂದು ಪದ ಹಾಕಿದರೆ ಸಾಕು, ಚಳಿ, ಬಿಸಿಲು, ವಾಸನೆ ಎಲ್ಲವೂ ಓದುವವರ ಮನಸ್ಸಿಗೆ ಬಂದುಬಿಡುತ್ತದೆ. ಎರಡನೆಯದು, ಪದ್ಯವನ್ನು ಒಂದು ಕಡೆ ಕತ್ತರಿಸಿದ ಹಾಗೆ ನಿಲ್ಲಿಸುವ ಪುಟ್ಟ ಪದ, ‘ಕಿರೆಜಿ’. ಅದರ ಈಚೆ ಒಂದು ಚಿತ್ರ, ಆಚೆ ಇನ್ನೊಂದು. ಎರಡಕ್ಕೂ ಏನು ಸಂಬಂಧ? ಕವಿ ಹೇಳುವುದಿಲ್ಲ. ಚುಕ್ಕಿ ಇಟ್ಟು, ರಂಗೋಲಿ ಎಳೆಯುವುದನ್ನು ನಮಗೇ ಬಿಡುತ್ತಾನೆ.

ಈ ದಾರಿಯ ದೊಡ್ಡ ಹೆಸರು ಬಾಶೋ (1644–1694). ಬಾಶೋ ಎಂದರೆ ಬಾಳೆ! ಇಂದಿನ ಟೋಕಿಯೋ ಅಂದು ಎದೊ ಆಗಿತ್ತು. ಅಲ್ಲಿನ ಅವನ ಗುಡಿಸಲಿನ ಪಕ್ಕ ಶಿಷ್ಯನೊಬ್ಬ ಬಾಳೆಗಿಡ ತಂದು ನೆಟ್ಟ. ಆ ಗಿಡದ ಹೆಸರೇ ಕವಿಗೆ ನಿಂತಿತು. ನಮಗೆ ಬಾಳೆ ಎಂದರೆ ಹಣ್ಣು, ಊಟದ ಎಲೆ, ಮದುವೆ ಚಪ್ಪರದ ಕಂಬ. ಅಲ್ಲಿಯ ಬಾಳೆ ತಿನ್ನುವಂಥ ಹಣ್ಣು ಕೊಡುವುದಿಲ್ಲ. ಗಾಳಿಗೆ ಎಲೆ ಸೀಳಿ ಜೋತಾಡುತ್ತದೆ, ಅಷ್ಟೇ. ಯಾವ ಕೆಲಸಕ್ಕೂ ಬಾರದು ಎಂಬ ಕಾರಣಕ್ಕೇ ಅದು ತನಗೆ ಇಷ್ಟ ಎಂದು ಬಾಶೋ ಬರೆದಿದ್ದಾನೆ. ಹರಿದ ಎಲೆಯಲ್ಲಿ ಚೆಲುವು ಕಾಣುವ ಈ ಕಣ್ಣೇ ಹೈಕುವಿನ ಕಣ್ಣು.

ಅಜ್ಜಿಯ ಹತ್ತಿರ ಬೆಳೆಯುವ ಮಕ್ಕಳಿಗೆ ಹತ್ತಿರದವನು ಇನ್ನೊಬ್ಬ, ಇಸ್ಸಾ (1763–1828). ಹೆಸರಿನ ಅರ್ಥ ಒಂದು ಬಟ್ಟಲು ಚಹ. ಹಿಮ ಬೀಳುವ ಬೆಟ್ಟದ ಹಳ್ಳಿಯವನು. ತೀರಾ ಚಿಕ್ಕವನಿದ್ದಾಗಲೇ ತಾಯಿ ಹೋದಳು, ಅಜ್ಜಿ ಸಾಕಿದಳು. ಅಜ್ಜಿಯೂ ತೀರಿಕೊಂಡ ಮೇಲೆ ಹುಡುಗನನ್ನು ದೂರದ ಎದೊ ನಗರಕ್ಕೆ ಕಳಿಸಿಬಿಟ್ಟರು. ದಿಕ್ಕಿಲ್ಲದೆ ಬೆಳೆದ ಈತ ನೊಣ, ಗುಬ್ಬಿ, ಬಸವನಹುಳು, ಕಪ್ಪೆಮರಿಗಳ ಮೇಲೆ ಬರೆದ. ಅವನ ಹೈಕುಗಳು ಸುಮಾರು 20,000!

ಐವತ್ತು ದಾಟಿದ ಮೇಲೆ ಇಸ್ಸಾನಿಗೆ ಮದುವೆಯಾಯಿತು. ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಒಂದು ವರ್ಷ ದಾಟಿದ್ದ ಮುದ್ದು ಮಗಳು ಸಾತೊ 1819ರಲ್ಲಿ ಸಿಡುಬು ತಗಲಿ ತೀರಿಕೊಂಡಳು. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯ ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ಗುಂಡನೆಯ ಕಲೆ ಇದೆಯೇ ನೋಡಿ. ಆ ಕಲೆ ಸಾತೊಳ ತೋಳಿನ ಮೇಲೆ ಇರಲಿಲ್ಲ. ಆ ವರ್ಷದ ಪುಸ್ತಕದಲ್ಲಿ ಅವಳ ಸಾವಿನ ಮಾತಿನ ಬೆನ್ನಿಗೇ ಇಸ್ಸಾ ಒಂದು ಹೈಕು ಇಟ್ಟಿದ್ದಾನೆ. ಅದರಲ್ಲಿ ಮಗಳ ಹೆಸರಿಲ್ಲ, ಕಣ್ಣೀರಿಲ್ಲ. ಇಬ್ಬನಿಯ ಮಾತಿದೆ. ಇಬ್ಬನಿ ಬಿಸಿಲಿಗೆ ಆರುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮನಸ್ಸು ಒಪ್ಪುವುದಿಲ್ಲವಲ್ಲ, ಆ ಸಂಕಟವನ್ನು ಅವನು ನಮ್ಮ ಪಾಲಿಗೆ ಬಿಟ್ಟ. ಇನ್ನೂರು ವರ್ಷಗಳಾದರೂ ಓದಿದವರ ಗಂಟಲು ಕಟ್ಟುತ್ತದೆ.

‘ಹೈಕು’ ಎಂಬ ಹೆಸರು ಇಷ್ಟು ಬಳಕೆಗೆ ಬಂದದ್ದು ಆಮೇಲೆ, ಮಾಸಾವೊಕ ಶಿಕಿ (1867–1902) ಎಂಬವನಿಂದ. ಅದಕ್ಕೆ ಮುಂಚೆ ಇದು ಹಲವರು ಸೇರಿ ಹೆಣೆಯುವ ಸರಪಳಿ ಪದ್ಯದ ಮೊದಲ ಕೊಂಡಿಯಾಗಿತ್ತು. ಶಿಕಿ ಅದನ್ನು ಬಿಡಿಸಿ, ತನ್ನ ಕಾಲ ಮೇಲೆ ನಿಲ್ಲಿಸಿದ. ಬೇಸ್‌ಬಾಲ್ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗ. ಕ್ಷಯ ಬೆನ್ನುಮೂಳೆಗೆ ಹತ್ತಿ ಹಾಸಿಗೆ ಹಿಡಿದ. ಕೊನೆಯ ವರ್ಷಗಳಲ್ಲಿ ಅವನ ಪ್ರಪಂಚವೆಂದರೆ ಮಲಗಿದಲ್ಲಿಂದ ಕಾಣುವ ಪುಟ್ಟ ತೋಟ. ಅಲ್ಲಿ ತುಪ್ಪದ ಹೀರೆಯ ಬಳ್ಳಿ ಹಬ್ಬಿತ್ತು. ನಾವು ಪಲ್ಯ, ಬಜ್ಜಿ ಮಾಡುವ, ಒಣಗಿದರೆ ಮೈ ಉಜ್ಜುವ ಅದೇ ಹೀರೆ. ಅದರ ಬಳ್ಳಿಯ ನೀರು ಕಫಕ್ಕೆ ಮದ್ದು ಎಂದು ಅಲ್ಲಿ ನಂಬಿದ್ದರು. ಸಾಯುವ ಹಿಂದಿನ ದಿನ ಶಿಕಿ ಮಲಗಿಕೊಂಡೇ ಮೂರು ಹೈಕು ಬರೆದ. ಮೂರರಲ್ಲೂ ಆ ಹೀರೆಯೇ. ಸೆಪ್ಟೆಂಬರ್ 19, ಅವನು ತೀರಿದ ದಿನವನ್ನು ಜಪಾನೀಯರು ಇಂದಿಗೂ ಹೀರೆಯ ಹೆಸರಿನಿಂದಲೇ ನೆನೆಯುತ್ತಾರೆ.

ಐದನೇ ಕ್ಲಾಸಿನ ನನ್ನ ಮೊಮ್ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. “ತಾತ, ದುಃಖ ಆದ್ರೆ ದುಃಖ ಅಂತ ಬರೀಬಹುದಲ್ವಾ?” ಎಂದ. ವಿವರಿಸುವ ಬದಲು, ಜೂನ್ ತಿಂಗಳಲ್ಲಿ ಬರೆದಿಟ್ಟಿದ್ದ ನನ್ನದೇ ಮೂರು ಸಾಲು ಓದಿದೆ. ಮಾತ್ರೆಯ ಬದಲು ಅಕ್ಷರ ಎಣಿಸಿ ಬರೆದದ್ದು:

ರಜೆ ಮುಗೀತು
ಮಾವಿನ ವಾಟೆಯಲ್ಲಿ
ಕೆಂಪು ಚಿಗುರು

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ತಾತ, ಅದು ನಾನೂ ಅಕ್ಕನೂ ತಿಂದು ಎಸೆದಿದ್ದ ಹಣ್ಣಾ? ದಸರಾ ರಜಕ್ಕೆ ಬರ್ತೀವಿ, ಕೀಳ್ಬೇಡ” ಎಂದ. ‘ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ’ ಎಂದು ನಾನು ಎಲ್ಲೂ ಬರೆದಿರಲಿಲ್ಲ.

ಈ ಭಾನುವಾರ ನೀವೂ ಮಾಡಿ ನೋಡಿ. ಅಜ್ಜಿ ಒಂದು ಕಡೆ, ಮೊಮ್ಮಗಳು ಒಂದು ಕಡೆ ಕೂರಲಿ. ಅಂದು ಕಣ್ಣಾರೆ ಕಂಡ ಒಂದೇ ಒಂದು ಸಂಗತಿ ಆರಿಸಿಕೊಳ್ಳಿ. ಯಾವ ಕಾಲ ಎಂದು ತಿಳಿಸುವ ಒಂದು ಪದ ಇರಲಿ. ಅವರೆಕಾಯಿ ಎಂದರೆ ಚಳಿ, ಹೊಂಗೆಯ ಚಿಗುರು ಎಂದರೆ ಯುಗಾದಿ, ನಮ್ಮಲ್ಲೇನು ಋತುವಿನ ಪದಗಳಿಗೆ ಬರವೇ? ಸುಂದರ, ಅದ್ಭುತ, ಸಂತೋಷ, ದುಃಖ, ಈ ನಾಲ್ಕು ಪದಗಳನ್ನು ಮಾತ್ರ ಬಳಸಬಾರದು. ಅಕ್ಷರ ಒಂದೆರಡು ಹೆಚ್ಚು ಕಡಿಮೆಯಾದರೆ ಚಿಂತೆಯಿಲ್ಲ. ಬರೆದಾದ ಮೇಲೆ ಚೀಟಿ ಅದಲು ಬದಲು ಮಾಡಿಕೊಂಡು ಓದಿ. ಬರೆದವರು ಬಾಯಿ ಬಿಟ್ಟು ಅರ್ಥ ಹೇಳಬಾರದು. ಓದಿದವರು ಹೇಳಲಿ.