ಪಾಚಿ ಮೇಯುವ ಮೀನಿಗೂ ಮೇವು ಬೇಕು

ಅಂಗಡಿಗಳಲ್ಲಿ ‘ಸಕ್ಕರ್’ ಎಂದು ಮಾರುವ ಮೀನುಗಳೆಲ್ಲ ಒಂದೇ ಜಾತಿಯವಲ್ಲ. ಬೆರಳುದ್ದದ ಮರಿಯಾಗಿ ಮನೆ ಸೇರುವ ಟೆರಿಗೋಪ್ಲಿಕ್ತಿಸ್ ಒಂದೂವರೆ ಅಡಿಯವರೆಗೆ ಬೆಳೆದು, ನೆಟ್ಟ ಗಿಡಗಳನ್ನು ಕಿತ್ತುಹಾಕುತ್ತದೆ. ಸಾಕಲಾರದೆ ಜನ ಅದನ್ನು ಕೆರೆ-ಕಾಲುವೆಗೆ ಬಿಡುತ್ತಾರೆ. ಕೋಲ್ಕತ್ತದ ಪೂರ್ವದ ಜೌಗುಭೂಮಿಯಲ್ಲಿ, ತಿರುವನಂತಪುರದ ಕಾಲುವೆಗಳಲ್ಲಿ ಅದೀಗ ನೆಲೆಯೂರಿದೆ. ಗಿಡವಿರುವ ಸಣ್ಣ ತೊಟ್ಟಿಗೆ ಒಗ್ಗುವುದು ಅದರ ದಾಯಾದಿಗಳು: ನಾಲ್ಕು ಸೆಂ.ಮೀ. ಆಸುಪಾಸಿನ ಓಟೋಸಿಂಕ್ಲಸ್, 12 ಸೆಂ.ಮೀ. ಸುಮಾರಿನ ಆನ್ಸಿಸ್ಟ್ರಸ್. ಈ ಮೂರರ ಮೂಲ ನೆಲೆಯೂ ದಕ್ಷಿಣ ಅಮೆರಿಕ. ಮೈಗೆ ಹುರುಪೆಯ ಬದಲು ಎಲುಬಿನ ಫಲಕ, ಕೆಳಮುಖದ ಬಾಯಿ, ಕೆರೆಯುವ ಹಲ್ಲು.

ಇದೇ ಕಸುಬಿನ ಮೀನು ನಮ್ಮ ನದಿಗಳಲ್ಲೂ ಇದೆ. ಸಿ.ಆರ್. ನಾರಾಯಣರಾವ್ ಅವರು ಶಿವಮೊಗ್ಗದ ತುಂಗಾ ನದಿಯಿಂದ 1920ರಲ್ಲಿ ವಿವರಿಸಿದ ಗಾರಾ ಬೈಕಾರ್ನುಟಾ ಬಂಡೆಗೆ ಕಚ್ಚಿಕೊಂಡು ಪಾಚಿ ಕೆರೆಯುತ್ತದೆ. ಆದರೆ ಅದು ಸಕ್ಕರ್‌ಗಳಂತೆ ಕ್ಯಾಟ್‌ಫಿಶ್ ಅಲ್ಲ, ಗೆಂಡೆಯ ಕುಲ. ಹರಿಯುವ ನೀರಿಗೆ ಹುಟ್ಟಿದ್ದು.

ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಜವಳಗೇರಾದಂಥ ಊರಿನಲ್ಲಿ ಓಟೋಸಿಂಕ್ಲಸ್, ಆನ್ಸಿಸ್ಟ್ರಸ್ ಸಾಕಲು ಮೊದಲು ನೋಡಬೇಕಾದದ್ದು ನೀರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೆದುವೇನೋ ಹೌದು, ಆದರೆ ಭತ್ತಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಗದ್ದೆಯಿಂದ ಬಸಿದುಬಂದ ನೀರನ್ನು ತೊಟ್ಟಿಗೆ ತರಬಾರದು. ತಾಮ್ರವಿರುವ ಶಿಲೀಂಧ್ರನಾಶಕದ ಅಲ್ಪ ಅಂಶವೂ ಮೀನಿಗೆ ವಿಷ. ಬೋರ್ ನೀರು ಗಡುಸು. ಆನ್ಸಿಸ್ಟ್ರಸ್ ಅದಕ್ಕೂ ಹೊಂದಿಕೊಳ್ಳುತ್ತದೆ. ಓಟೋಸಿಂಕ್ಲಸ್‌ಗೆ ಶುದ್ಧ ನೀರಿನ ಘಟಕದ ನೀರು ಬೆರೆಸಬೇಕು. ಎರಡನೆಯದು ಬಿಸಿಲು. ಎರಡಕ್ಕೂ 24ರಿಂದ 26 ಡಿಗ್ರಿ ಹಿತ, ಇಲ್ಲಿನ ಬೇಸಿಗೆಯೋ 40 ದಾಟುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ 8 ಮಿ.ಗ್ರಾಂ. ಮೀರಿ, 32ರಲ್ಲಿ 7ರ ಸಮೀಪ. ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನ್ ಗಾಳಿ ಬಿಟ್ಟರೆ ಎರಡು ಮೂರು ಡಿಗ್ರಿ ತಗ್ಗುತ್ತದೆ. ಆರಿದಷ್ಟು ನೀರನ್ನು ಘಟಕದ ನೀರಿನಿಂದಲೇ ತುಂಬಬೇಕು. ಬೋರ್ ನೀರು ಹಾಕುತ್ತ ಹೋದರೆ ಲವಣ ಕೂಡಿಕೊಳ್ಳುತ್ತದೆ.

ಈ ಮೀನುಗಳು ಸಾಯುವುದು ಹೆಚ್ಚಾಗಿ ಹಸಿವಿನಿಂದ. ಹೊಸ ತೊಟ್ಟಿಯ ಪಾಚಿ ವಾರದೊಳಗೆ ಖಾಲಿಯಾಗುತ್ತದೆ. ಸಾಕಿದವರು ಗಾಜು ಬೆಳಗಿತೆಂದು ಹಿಗ್ಗುವ ಹೊತ್ತಿಗೆ ಮೀನಿನ ಹೊಟ್ಟೆ ಒಳಗಿಳಿದಿರುತ್ತದೆ. ಅದನ್ನು ಜಾಡಮಾಲಿಯೆಂದು ಕೊಳ್ಳುವುದೇ ತಪ್ಪು ಲೆಕ್ಕ. ಬೆಳಕು, ಗೊಬ್ಬರ ಹೆಚ್ಚಾದರೆ ಪಾಚಿ ಮತ್ತೆ ಬರುತ್ತದೆ, ಎಷ್ಟು ಮೀನು ಬಿಟ್ಟರೂ. ಬೇಯಿಸಿದ ಸೌತೆಕಾಯಿ, ಪಾಲಕ್ ಸೊಪ್ಪನ್ನು ರಾತ್ರಿ ಇಳಿಬಿಟ್ಟು, ಬೆಳಗ್ಗೆ ಉಳಿದದ್ದನ್ನು ತೆಗೆಯಬೇಕು. ಆನ್ಸಿಸ್ಟ್ರಸ್‌ಗೆ ಕೆರೆಯಲು ನೀರಿನಲ್ಲಿ ಚೆನ್ನಾಗಿ ನೆನೆದ ಕಟ್ಟಿಗೆಯ ತುಂಡೂ ಬೇಕು.

ಮರಿ ಮಾಡಿಸಲು ಆನ್ಸಿಸ್ಟ್ರಸ್ ಸುಲಭ. ಬೆಳೆದ ಗಂಡಿನ ಮೂತಿಯ ಮೇಲೆ ಕವಲೊಡೆದ ಮೀಸೆಗಳ ಪೊದೆ. ಹೆಣ್ಣಿಗೆ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಂದು ತುದಿ ಮುಚ್ಚಿದ ಮಣ್ಣಿನ ಕೊಳವೆ, ಗಂಡು ಬಿಗಿಯಾಗಿ ಹಿಡಿಸುವಷ್ಟು ಅಗಲದ್ದು, ಸಾಕು. ಸ್ವಲ್ಪ ತಣ್ಣನೆಯ ನೀರು ಬದಲಿಸಿದರೆ ಮಳೆಗಾಲದ ಸೂಚನೆ ಸಿಕ್ಕಂತಾಗಿ ಜೋಡಿ ಮೊಟ್ಟೆಯಿಡುವುದುಂಟು. ಕಿತ್ತಳೆ ಬಣ್ಣದ ಗೊಂಚಲನ್ನು ಕಾಯುವುದು ಗಂಡೇ. ರೆಕ್ಕೆಯಿಂದ ನೀರು ಬೀಸುತ್ತಿರುತ್ತದೆ, ಕೊಳವೆ ಬಿಟ್ಟು ಹೊರಬರುವುದು ಅಪರೂಪ. ವಾರದ ಆಚೀಚೆ ಮೊಟ್ಟೆಯೊಡೆದು, ಹಳದಿ ಚೀಲ ಕರಗಿದ ಮೇಲೆ ಮರಿಗಳು ಹೊರಗೆ ಮೇಯತೊಡಗುತ್ತವೆ. ಆಗ ತರಕಾರಿ ತಪ್ಪಬಾರದು, ನೀರು ಕೆಡಬಾರದು.

ಓಟೋಸಿಂಕ್ಲಸ್ ಹಾಗಲ್ಲ. ಅದು ಎಲೆ, ಗಾಜಿನ ಮೇಲೆ ಬಿಡಿಬಿಡಿಯಾಗಿ ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಎರಡು ಮೂರು ದಿನಕ್ಕೆ ಹೊರಬರುವ ಮರಿಗಳಿಗೆ ಹಳೆಯ ತೊಟ್ಟಿಯ ಎಲೆಗಳ ಮೇಲಿನ ಲೋಳೆಪದರವೇ ಆಹಾರ. ತೊಟ್ಟಿಯಲ್ಲಿ ಅದು ಮರಿ ಮಾಡುವುದು ಕಡಿಮೆಯಾದ್ದರಿಂದ, ಮಾರುಕಟ್ಟೆಗೆ ಬರುವುದು ಬಹುಪಾಲು ನದಿಯಿಂದ ಹಿಡಿದು, ದಾರಿಯುದ್ದಕ್ಕೂ ಉಪವಾಸ ಬಂದ ಮೀನು. ಕೊಳ್ಳುವಾಗ ಹೊಟ್ಟೆ ದುಂಡಗಿರುವುದನ್ನೇ ಆರಿಸಬೇಕು.